ಹಿಡಕಲ್ಲಿನ ಬಿಸಿಲಲ್ಲಿ ಐದು ಗಿಗಾಹರ್ಟ್ಸ್

ಚಪ್ಪಲಿ ಹೊರಗೇ ಬಿಟ್ಟು ಒಳಗೆ ಬನ್ನಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಕಾಣುವುದು ಮಾನಿಟರ್ ಒಂದೇ. ಆಮೇಲೆ ಮೇಜು, ಮೇಜಿನ ಮೇಲೆ ಬದಿಯ ಮುಚ್ಚಳ ಬಿಚ್ಚಿಟ್ಟ ಕ್ಯಾಬಿನೆಟ್ಟು, ಅದರ ಮುಂದೆ ಬನಿಯನ್ನಿನಲ್ಲಿ ಕೂತ ಹುಡುಗ. ಪಕ್ಕದಲ್ಲೊಂದು ಪ್ಲಾಸ್ಟಿಕ್ ಕುರ್ಚಿ ನಿಮಗಾಗಿಯೇ ಒರೆಸಿಟ್ಟಿದೆ.

"ಬರ್ರಿ ಸರ, ಕುಂದರ್ರಿ. ಈಗ ಚಾಲೂ ಮಾಡತೇನ್ರಿ."

ಏಪ್ರಿಲ್ ತಿಂಗಳು, ಮಧ್ಯಾಹ್ನ ಎರಡೂವರೆ. ಹಿಡಕಲ್ ಡ್ಯಾಮಿನ ಕಾಲೊನಿಯ ಮನೆ. ಹೊರಗೆ ಬೇವಿನ ಗಿಡದ ಎಲೆಯೂ ಅಲ್ಲಾಡುತ್ತಿಲ್ಲ. ಘಟಪ್ರಭೆಯ ನೀರು ಈ ಹೊತ್ತಿಗೆ ಡ್ಯಾಮಿನಲ್ಲಿ ಬಹಳ ಕೆಳಗೆ ಇಳಿದಿರುತ್ತದೆ. ಇನ್ನಷ್ಟು ಇಳಿದರೆ ಹಿನ್ನೀರಿನಲ್ಲಿ ಮುಳುಗಿರುವ ಹುನ್ನೂರಿನ ವಿಠ್ಠಲ ಗುಡಿ ಮೇಲೆ ಬರುತ್ತದೆ, ಜನ ಗಾಡಿ ಮಾಡಿಕೊಂಡು ನೋಡಲು ಹೋಗುತ್ತಾರೆ. ಕೋಣೆಯ ಫ್ಯಾನು ತಿರುಗುತ್ತಿದೆ, ಆದರೆ ಅದು ತಳ್ಳುವುದು ಬಿಸಿಗಾಳಿಯನ್ನೇ. ಮೇಜಿನ ಮೂಲೆಯಲ್ಲಿಟ್ಟ ಪುಟ್ಟ ಡಿಜಿಟಲ್ ಥರ್ಮಾಮೀಟರು 37 ತೋರಿಸುತ್ತಿದೆ. ಈ ಅಂಕಿಯನ್ನು ನೆನಪಿಟ್ಟುಕೊಳ್ಳಿ. ಇವತ್ತಿನ ಆಟದಲ್ಲಿ ಉಳಿದ ಎಲ್ಲ ಅಂಕಿಗಳೂ ಇದರ ಮೇಲೇ ಕೂತಿವೆ.

ಹುಡುಗನ ಕಸುಬು ಮದುವೆ ವಿಡಿಯೊ ಎಡಿಟಿಂಗ್. ಬಸವ ಜಯಂತಿ, ಅಕ್ಷಯ ತೃತೀಯದ ಮುಹೂರ್ತಗಳು ಬಂದರೆ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆಯ ಕ್ಯಾಮೆರಾದವರೆಲ್ಲ ಮೆಮೊರಿ ಕಾರ್ಡ್ ತಂದು ಇವನ ಕೈಗೆ ಹಾಕುತ್ತಾರೆ. ಅಕ್ಷತೆ, ಸುರಿಗೆ, ಮೆರವಣಿಗೆ, ಡ್ರೋನಿನಲ್ಲಿ ತೆಗೆದ ಡ್ಯಾಮಿನ ದೃಶ್ಯ, ಎಲ್ಲ ಸೇರಿಸಿ ಹಾಡು ಹಚ್ಚಿ ಕೊಡಬೇಕು. ಎಫೆಕ್ಟುಗಳ ಭಾರ ಬಿದ್ದಾಗ ರೆಂಡರ್ ಆಗಲು ರಾತ್ರಿಯೆಲ್ಲ ಬೇಕು. ಅದಕ್ಕೇ ಪ್ರೊಸೆಸರನ್ನು ಅದರ ಕಾರ್ಖಾನೆಯ ವೇಗಕ್ಕಿಂತ ಮೇಲೆ ಓಡಿಸುವ ಆಸೆ. ಓವರ್‌ಕ್ಲಾಕ್.

ಕ್ಯಾಬಿನೆಟ್ಟಿನೊಳಗೆ ಬಗ್ಗಿ ನೋಡಿ. ಆ ದೊಡ್ಡ ಅಲ್ಯೂಮಿನಿಯಂ ಗೋಪುರ ಕೂಲರ್. ಅದರ ಬುಡದಲ್ಲಿರುವುದು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಇಂಟೆಲ್ ಕೋರ್ ಐ7-8700ಕೆ. 2017ರ ಅಕ್ಟೋಬರಿನಲ್ಲಿ ಮಾರುಕಟ್ಟೆಗೆ ಬಂದ ಚಿಪ್ಪು. ಆರು ಕೋರ್, ಮೂಲ ವೇಗ 3.7 ಗಿಗಾಹರ್ಟ್ಸ್, ಒಂದೇ ಕೋರಿಗೆ ಕೆಲಸವಿದ್ದರೆ 4.7ರವರೆಗೆ ಜಿಗಿಯುತ್ತದೆ, ಆರೂ ದುಡಿದರೆ 4.3. ಹೆಸರಿನ ಕೊನೆಯ 'ಕೆ' ಎಂದರೆ ಮಲ್ಟಿಪ್ಲೈಯರ್ ಬೀಗ ತೆಗೆದಿದೆ, ವೇಗವನ್ನು ನಿಮ್ಮ ಇಷ್ಟದಂತೆ ಏರಿಸಬಹುದು ಎಂದು. ತಾಪಮಾನದ ಗಡಿ 100 ಡಿಗ್ರಿ. ಅಷ್ಟಕ್ಕೆ ಮುಟ್ಟಿದರೆ ಚಿಪ್ಪು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೂ ಮಿಕ್ಕಿ ಬಹಳ ಮೇಲೆ ಹೋದರೆ ಇಡೀ ಯಂತ್ರ ಪಟ್ಟನೆ ಆರುತ್ತದೆ.

"ಹಂಗಾದ್ರ ಹೆದರಿಕಿ ಏನೈತಿ?" ಎಂದು ಹುಡುಗ ಕೇಳಬಹುದು. ಬಹಳ ಜನ ಕೇಳುವುದೂ ಇದನ್ನೇ. ಚಿಪ್ಪು ತನ್ನನ್ನು ತಾನು ಕಾಯ್ದುಕೊಳ್ಳುತ್ತದಲ್ಲ? ಶಾಖದಿಂದ ಕಾಯ್ದುಕೊಳ್ಳುತ್ತದೆ, ನಿಜ. ನೀವು ಕೈಯಾರೆ ಬರೆದುಕೊಟ್ಟ ವೋಲ್ಟೇಜಿನಿಂದ ಮಾತ್ರ ಅದು ತನ್ನನ್ನು ಕಾಯ್ದುಕೊಳ್ಳಲಾರದು. ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ 1.45 ಎಂದು ಒತ್ತಿದರೆ ಮದರ್‌ಬೋರ್ಡು ಮರುಮಾತಿಲ್ಲದೆ 1.45 ಕೊಡುತ್ತದೆ.

ಈಗ ಬಯೋಸ್ ತೆರೆದಿದ್ದಾನೆ. ಡಿಲೀಟ್ ಕೀಲಿಯನ್ನು ಟಕಟಕ ಒತ್ತಿದ ಸದ್ದು ನಿಮಗೂ ಕೇಳಿಸಿತು. ಕಪ್ಪು ಪರದೆ, ಕೆಂಪು ಗೆರೆಗಳು. ಮಲ್ಟಿಪ್ಲೈಯರ್ ಕಾಲಂನಲ್ಲಿ 50 ಎಂದು ಹಾಕುತ್ತಾನೆ. ನೂರು ಮೆಗಾಹರ್ಟ್ಸ್ ಗುಣಿಸು ಐವತ್ತು, ಐದು ಗಿಗಾಹರ್ಟ್ಸ್. ವೋಲ್ಟೇಜ್ ಕಾಲಂ ಮಾತ್ರ 'ಆಟೊ'ದಲ್ಲೇ ಇದೆ. ಉಳಿಸಿ, ಮತ್ತೆ ಬಯೋಸ್‌ಗೇ ಬಂದಾಗ ಮೂಲೆಯಲ್ಲಿ ನೋಡಿ: 1.41 ವೋಲ್ಟ್. ಯಾರೂ ಕೇಳಿರಲಿಲ್ಲ. ಯಂತ್ರ ಅರ್ಧಕ್ಕೆ ನಿಂತು ಕೆಟ್ಟ ಹೆಸರು ಬಾರದಿರಲಿ ಎಂದು ಬೋರ್ಡು ತಯಾರಿಸುವವರು 'ಆಟೊ'ಗೆ ಧಾರಾಳವಾಗಿ ವೋಲ್ಟ್ ಸುರಿಯುವಂತೆ ಬರೆದಿರುತ್ತಾರೆ. ನನ್ನನ್ನು ಕೇಳಿದರೆ ಓವರ್‌ಕ್ಲಾಕಿನಲ್ಲಿ ಅತಿ ಹೆಚ್ಚು ಚಿಪ್ಪುಗಳ ಆಯುಷ್ಯ ತಿನ್ನುವುದು ಹುಂಬ ಹುಡುಗರಲ್ಲ, ಈ 'ಆಟೊ' ಎಂಬ ನಾಲ್ಕಕ್ಷರದ ಇಂಗ್ಲಿಷ್ ಪದ.

ಇವನಿಗೆ ಅದು ಗೊತ್ತಿದೆ, ಪುಣ್ಯ. 'ಆಟೊ' ತೆಗೆದು, ಭಾರ ಬಿದ್ದಾಗ 1.20 ನಿಲ್ಲುವಂತೆ ಕೈಯಾರೆ ಬರೆಯುತ್ತಾನೆ, ಮಲ್ಟಿಪ್ಲೈಯರನ್ನು 47ಕ್ಕೆ ಇಳಿಸುತ್ತಾನೆ. ಕೆಳಗಿನಿಂದ ಹತ್ತುವ ಕ್ರಮ ಇದು. ವೇಗ ಒಂದು ಮೆಟ್ಟಿಲು, ನಿಲ್ಲದಿದ್ದರೆ ವೋಲ್ಟ್ ಒಂದು ಚಿಟಿಕೆ.

ವಿಂಡೋಸ್ ಬಂತು. ಎಡಗಡೆ ಬಿಸಿ, ವೋಲ್ಟ್ ತೋರಿಸುವ ಎಚ್‌ಡಬ್ಲ್ಯು ಇನ್ಫೊ, ಬಲಗಡೆ ಚಿತ್ರ ಬಿಡಿಸಿ ವೇಗಕ್ಕೆ ಅಂಕ ಕೊಡುವ ಸಿನಿಬೆಂಚ್. ಕಾರ್ಖಾನೆಯ ಲೆಕ್ಕದಲ್ಲಿ, ಅಂದರೆ 4.3 ಗಿಗಾಹರ್ಟ್ಸ್, 1.18 ವೋಲ್ಟಿನಲ್ಲಿ, ಇದೇ ಕೋಣೆಯಲ್ಲಿ ಸ್ವಲ್ಪ ಹೊತ್ತಿನ ಹಿಂದೆ 79 ಡಿಗ್ರಿ ಬಂದಿತ್ತು, ಸುಮಾರು ನೂರು ವಾಟ್. ಈಗ 4.7. ಪರದೆಯ ಮೇಲೆ ಚೌಕ ಚೌಕವಾಗಿ ಚಿತ್ರ ಮೂಡುತ್ತಿದೆ; ಕೂಲರಿನ ಫ್ಯಾನು ಸಣ್ಣಗೆ ಕೂಗತೊಡಗಿತು. 80, 82, 84. ಅಲ್ಲಿಗೆ ನಿಂತಿತು. ಸಲೀಸು.

48, 1.25. ಫ್ಯಾನಿನ ದನಿ ಏರಿತು. 90.

ಒಳಗಿನ ಕೋಣೆಯಿಂದ ಕಾಕಾ ಎದ್ದು ಬಂದರು. ನೀರಾವರಿ ಇಲಾಖೆಯಲ್ಲಿ ಗೇಟಿನ ಕೆಲಸ ಮಾಡಿ ನಿವೃತ್ತರಾದವರು, ಮಧ್ಯಾಹ್ನದ ನಿದ್ದೆ ಈ ಸದ್ದಿಗೆ ಹಾಳಾಗಿದೆ.

"ಏನ್ ಬೆಂಕಿ ಹಚ್ಚಾಕತ್ತೀಯೋ ತಮ್ಮಾ?"

"ಬೆಂಕಿ ಅಲ್ರಿ ಕಾಕಾ. ಸ್ಪೀಡ್ ಏರಸಾಕತ್ತೇನ್ರಿ."

"ಎಷ್ಟ ಆತು?"

"ತೊಂಬತ್ತು."

"ಸ್ಪೀಡಾ?"

"ಅಲ್ರಿ, ಬಿಸಿ."

ಕಾಕಾ ಹೂಂ ಎಂದು ಬಾಗಿಲ ಚೌಕಟ್ಟಿಗೆ ಒರಗಿ ನಿಂತರು. ಅವರಿಗೆ ಬಿಸಿಗಿಂತ ಹೆಚ್ಚು ಚಿಂತೆ ಕರೆಂಟಿನದು. ಸ್ಟೆಬಿಲೈಜರಿನ ಮುಳ್ಳು 212ರಲ್ಲಿದೆ. ಹುಕ್ಕೇರಿ ತಾಲ್ಲೂಕಿಗೆ ಕರೆಂಟು ಹಂಚುವುದು ಹೆಸ್ಕಾಂ ಅಲ್ಲ ಎಂಬುದು ಹೊರಗಿನವರಿಗೆ ಗೊತ್ತಿರುವುದಿಲ್ಲ. 1969ರಲ್ಲಿ ಹುಟ್ಟಿದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಇಲ್ಲಿ ಆ ಕೆಲಸ ಮಾಡುತ್ತದೆ, ರಾಜ್ಯದಲ್ಲಿ ಇಂಥದ್ದು ಇದೊಂದೇ. ಡ್ಯಾಮಿನ ಬುಡದಲ್ಲೇ 16 ಮೆಗಾವಾಟಿನ ಎರಡು ಯಂತ್ರಗಳ ವಿದ್ಯುದಾಗಾರವೂ ಇದೆ. ಹೀಗಾಗಿ ಈ ಊರಿನಲ್ಲಿ ವೋಲ್ಟೇಜ್ ಎಂದರೆ ಎಲ್ಲರಿಗೂ ಒಂದು ಅಭಿಪ್ರಾಯವಿದೆ. ಆದರೆ ಕಾಕಾ ಹೆದರುವ ವೋಲ್ಟೇಜೇ ಬೇರೆ, ಹುಡುಗ ಆಡುತ್ತಿರುವ ವೋಲ್ಟೇಜೇ ಬೇರೆ. ಗೋಡೆಯಲ್ಲಿ 230 ಇರಲಿ, 200 ಇರಲಿ, ಕ್ಯಾಬಿನೆಟ್ಟಿನ ಪವರ್ ಸಪ್ಲೈ, ಅಂದರೆ ಒಳ್ಳೆಯ ಎಸ್‌ಎಂಪಿಎಸ್, ಅದನ್ನು 12 ವೋಲ್ಟ್ ಡಿಸಿ ಮಾಡಿಯೇ ಒಳಗೆ ಬಿಡುತ್ತದೆ. ಆ 12ನ್ನು ಪ್ರೊಸೆಸರಿನ ಸುತ್ತ ಸಾಲಾಗಿ ಕೂತ ವಿಆರ್‌ಎಂ ಎಂಬ ಬಿಡಿಭಾಗಗಳು 1.25ಕ್ಕೆ ಇಳಿಸುತ್ತವೆ. ಗೋಡೆಯ ಕರೆಂಟು ಏರಿಳಿದರೆ ಚಿಪ್ಪಿಗೆ ಹೋಗುವ ವೋಲ್ಟ್ ಏರಿಳಿಯುವುದಿಲ್ಲ. ಕರೆಂಟು ಪೂರ್ತಿ ಹೋದರೆ ಮಾತ್ರ, ಅದೂ ಬಯೋಸ್ ಅಪ್‌ಡೇಟ್ ನಡೆಯುತ್ತಿರುವಾಗ ಹೋದರೆ, ಬೋರ್ಡು ಕೆಲಸಕ್ಕೆ ಬಾರದೆ ಹೋಗಬಹುದು. ಯುಪಿಎಸ್ ಇಲ್ಲದೆ ಆ ಕೆಲಸಕ್ಕೆ ಕೈ ಹಾಕಬಾರದು.

ಇನ್ನೊಂದು ಲೆಕ್ಕ ಹೇಳಿದರೆ ಕಾಕಾ ಕಣ್ಣರಳಿಸುತ್ತಾರೆ. ಈ 4.8ರಲ್ಲಿ ಚಿಪ್ಪು ತಿನ್ನುವ 125 ವಾಟನ್ನು 1.25 ವೋಲ್ಟಿನಿಂದ ಭಾಗಿಸಿ: ನೂರು ಆಂಪಿಯರ್. ಕಬ್ಬಿನ ಹೊಲದ ಐದು ಎಚ್‌ಪಿ ಪಂಪ್‌ಸೆಟ್ಟು ಒಂದು ಫೇಸಿಗೆ ಎಳೆಯುವುದು ಏಳೆಂಟು ಆಂಪಿಯರ್. ಇಲ್ಲಿ ನೂರು ಆಂಪಿಯರ್ ಹರಿಯುತ್ತಿರುವುದು ಸುಮಾರು 150 ಚದರ ಮಿಲಿಮೀಟರಿನ ಸಿಲಿಕಾನ್ ತುಂಡಿನೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ತಾಮ್ರದ ಎಳೆಗಳ ಮೂಲಕ.

49. ವೋಲ್ಟ್ 1.27. ಸಿನಿಬೆಂಚ್ ಅರ್ಧ ಚಿತ್ರ ಬಿಡಿಸಿತು, ಮೌಸ್ ನಿಂತುಹೋಯಿತು, ಪರದೆ ನೀಲಿಗೆ ತಿರುಗಿತು. ಅಳುವ ಮುಖದ ಕೆಳಗೆ ಕ್ಲಾಕ್ ವಾಚ್‌ಡಾಗ್ ಟೈಮ್‌ಔಟ್. ಗಾಬರಿ ಬೇಡ. ಇದು ಸುಟ್ಟದ್ದಲ್ಲ, ಹಸಿವು. ಕೇಳಿದ ವೇಗಕ್ಕೆ ಕೊಟ್ಟ ವೋಲ್ಟ್ ಸಾಲಲಿಲ್ಲ ಎಂದು ಚಿಪ್ಪು ಹೇಳುವ ರೀತಿ ಇದು. ಒಂದು ಕೋರ್ ಲೆಕ್ಕ ತಪ್ಪಿತು, ಇಲ್ಲವೇ ಉತ್ತರ ಕೊಡಲಿಲ್ಲ. ಹುಡುಗ 1.30 ಮಾಡಿದ. ನಿಂತಿತು. 96 ಡಿಗ್ರಿ.

ನಿಮ್ಮ ಮನೆಯಲ್ಲಿ ಇದೇ ಮಾದರಿಯ ಚಿಪ್ಪಿದ್ದರೆ ಅದು 4.9ಕ್ಕೆ 1.24 ಕೇಳಬಹುದು, ಇಲ್ಲವೇ 1.36. ಒಂದೇ ಸಿಲಿಕಾನ್ ಬಿಲ್ಲೆಯಿಂದ ಕತ್ತರಿಸಿದ ತುಂಡುಗಳೂ ಒಂದೇ ಥರ ಇರುವುದಿಲ್ಲ. ಯಾರದೋ ಅಂಕಿ ನೋಡಿ ನಿಮ್ಮದಕ್ಕೆ ಹಾಕಿದರೆ ಆಗದೆ ಇರುವುದು ಇದಕ್ಕೇ.

ಇನ್ನು ಐದು. ಮಲ್ಟಿಪ್ಲೈಯರ್ 50, ವೋಲ್ಟ್ 1.35.

"ಮುಂಜಾನಿ ಇದಾ ಸೆಟ್ಟಿಂಗ್ ನಡದಿತ್ರಿ ಸರ. ಐದಕ್ಕ ಎದ್ದು ನೋಡೀನಿ. ತೊಂಬತ್ಮೂರರ ಮ್ಯಾಲ ಹೋಗಲಿಲ್ಲ."

ಸುಳ್ಳಲ್ಲ. ಬೆಳಗಿನ ಐದಕ್ಕೆ ಕೋಣೆ 26 ಇತ್ತು. ಕೂಲರ್ ಗಾಳಿಯಿಂದ ತಂಪು ಹುಟ್ಟಿಸುವುದಿಲ್ಲ. ಚಿಪ್ಪಿನ ಬಿಸಿಯನ್ನು ಕೋಣೆಯ ಗಾಳಿಗೆ ದಾಟಿಸುತ್ತದೆ, ಅಷ್ಟೇ. ಕೋಣೆ ಹನ್ನೊಂದು ಡಿಗ್ರಿ ಏರಿದರೆ ಚಿಪ್ಪೂ ಹೆಚ್ಚುಕಡಿಮೆ ಹನ್ನೊಂದು ಏರುತ್ತದೆ. 93ಕ್ಕೆ 11 ಕೂಡಿಸಿ. 104. ಗಡಿ 100.

ನೋಡಿ, ಈಗ ಶುರುವಾಯಿತು. 91, 95, 98. ಎಣಿಸುವುದರೊಳಗೆ 100. ಎಚ್‌ಡಬ್ಲ್ಯು ಇನ್ಫೊದಲ್ಲಿ 'ಥರ್ಮಲ್ ಥ್ರಾಟ್ಲಿಂಗ್' ಎಂಬ ಸಾಲಿನ ಮುಂದೆ ಇಲ್ಲ ಇಲ್ಲ ಎಂದಿದ್ದದ್ದು ಹೌದು ಹೌದು ಎಂದು ಕೆಂಪಾಯಿತು. ಮೇಲಿನ ಸಾಲಿನಲ್ಲಿ ವೇಗ ನೋಡಿ: 5.0 ಇದ್ದದ್ದು 4.7, 4.5, ಮತ್ತೆ 4.8, ಮತ್ತೆ 4.5. ಕ್ಯಾಬಿನೆಟ್ಟಿನ ಹಿಂಬದಿಗೆ ಕೈ ಹಿಡಿದರೆ ಬರುವ ಗಾಳಿಗೆ ಅಂಗೈ ಬೆವರುತ್ತದೆ. ಚಿತ್ರ ಮುಗಿಯಿತು, ಅಂಕ ಬಂತು. 4.8ರಲ್ಲಿ ಬಂದ ಅಂಕಕ್ಕಿಂತ ಕಡಿಮೆ.

ಹುಡುಗ ಮಾತಾಡಲಿಲ್ಲ. ಕಾಕಾ ಮಾತಾಡಿದರು.

"ಬ್ಯಾಸಗ್ಯಾಗ ಡ್ಯಾಮ್ ನೋಡಿ ಗಟ್ಟಿ ಐತಿ ಅಂದ್ರ ಏನ್ ಬಂತೋ? ಆಗಸ್ಟ್‌ನ್ಯಾಗ ಗೇಟಿನ ಮ್ಯಾಲ ನಿಂತು ನೋಡಬೇಕು. ನಿನ್ನ ಡಬ್ಬಿಗಿ ಆಗಸ್ಟ್ ಅಂದ್ರ ಇದಾ."

ಕಂಪ್ಯೂಟರ್ ಗೊತ್ತಿಲ್ಲದ ಆ ಮನುಷ್ಯ ಹೇಳಿದ್ದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಈ ಡ್ಯಾಮಿನ ಪೂರ್ತಿ ತುಂಬಿದ ಮಟ್ಟ 2175 ಅಡಿ, ಹಿಡಿಯುವ ನೀರು 51 ಟಿಎಂಸಿ. ಏರಿಯ ತಲೆ ಇನ್ನೂ ಮೇಲಿದೆ, ಹಾಗೆಂದು ಅಲ್ಲಿಯವರೆಗೆ ನೀರು ನಿಲ್ಲಿಸುವುದಿಲ್ಲ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದ ಪೇಟೆಗೆ ನುಗ್ಗಿದ್ದನ್ನು ಕಂಡವರಿಗೆ ಆ ನಡುವಿನ ಅಂತರ ಏಕೆ ಬೇಕೆಂದು ವಿವರಿಸಬೇಕಿಲ್ಲ. ಚಿಪ್ಪಿನಲ್ಲೂ ಏರಿಯ ತಲೆಯಂಥ ಒಂದು ಅಂಕಿಯಿದೆ. ಇಂಟೆಲಿನ ದಾಖಲೆಯಲ್ಲಿ ಈ ಪೀಳಿಗೆಗೆ 1.52 ವೋಲ್ಟ್ ಎಂದು ಬರೆದಿದೆ. ಅದನ್ನು ಓದಿ "ಕಂಪನಿಯೇ 1.52 ಅಂದಿದೆ, 1.45 ಹಾಕಿದರೆ ಏನಾಗುತ್ತೆ" ಎನ್ನುವವರಿದ್ದಾರೆ. ಆ ಅಂಕಿ ಹೇಳುವುದು ಚಿಪ್ಪು ಬೋರ್ಡಿನಿಂದ ಕೇಳಬಹುದಾದ ವೋಲ್ಟೇಜಿನ ಪಟ್ಟಿ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು. ಆರೂ ಕೋರುಗಳಿಗೆ ನೂರೈವತ್ತು ವಾಟ್ ಹರಿಸುತ್ತ, ದಿನಾ ಎಂಟು ತಾಸು, ಮೂರು ವರ್ಷ ಅಲ್ಲೇ ನಿಲ್ಲಿಸಿ ಎಂದು ಅದು ಹೇಳಿಲ್ಲ.

ವೋಲ್ಟಿಗೆ ಇಷ್ಟು ಹೆದರುವುದೇಕೆ? ವಿದ್ಯುತ್ತಿನ ಖರ್ಚು ವೇಗಕ್ಕೆ ತಕ್ಕಂತೆ ಏರುತ್ತದೆ, ವೋಲ್ಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಇವತ್ತಿನ ಅಂಕಿಗಳನ್ನೇ ಹಾಕಿ ನೋಡಿ. 4.3 ಮತ್ತು 1.18ರಿಂದ 4.8 ಮತ್ತು 1.25ಕ್ಕೆ ಹೋದರೆ ವೇಗ ಶೇ 12 ಹೆಚ್ಚು, ವಿದ್ಯುತ್ ಶೇ 25 ಹೆಚ್ಚು. ಅಲ್ಲಿಂದ 5.0 ಮತ್ತು 1.35ಕ್ಕೆ ಹೋದರೆ ಸಿಗುವ ವೇಗ ಶೇ 4, ಕಕ್ಕುವ ವಿದ್ಯುತ್ ಇನ್ನೂ ಶೇ 20ಕ್ಕೆ ಮೇಲೆ. ಆ ವಿದ್ಯುತ್ತಷ್ಟೂ ಈ ಕೋಣೆಗೇ ಬಿಸಿಯಾಗಿ ಬರುತ್ತದೆ.

ಇದನ್ನು ಬಹಳ ಚೆನ್ನಾಗಿ ತೋರಿಸಿದ ಒಂದು ಚಿಪ್ಪಿಗೆ ಬೆಂಗಳೂರಿನ ನಂಟಿದೆ. 2007ರಲ್ಲಿ ಇಂಟೆಲ್ ಎಂಬತ್ತು ಕೋರುಗಳ ಪ್ರಯೋಗದ ಚಿಪ್ಪೊಂದನ್ನು ಹೊರಗೆ ತೋರಿಸಿತು. ಅದರ ವಿನ್ಯಾಸದಲ್ಲಿ ಬೆಂಗಳೂರಿನ ಎಂಜಿನಿಯರುಗಳೂ ಕೈಜೋಡಿಸಿದ್ದರು. ಮಾರುವುದಕ್ಕಲ್ಲ, ಕಲಿಯುವುದಕ್ಕೆ ಮಾಡಿದ್ದು. 0.95 ವೋಲ್ಟಿನಲ್ಲಿ 3.16 ಗಿಗಾಹರ್ಟ್ಸ್ ಓಡಿದಾಗ ತಿಂದದ್ದು 62 ವಾಟ್. 1.35 ವೋಲ್ಟಿಗೆ ಏರಿಸಿ 5.7 ಗಿಗಾಹರ್ಟ್ಸ್ ಓಡಿಸಿದಾಗ 265 ವಾಟ್. ವೇಗ ಎರಡು ಪಟ್ಟೂ ಆಗಲಿಲ್ಲ, ಖರ್ಚು ನಾಲ್ಕು ಪಟ್ಟು ದಾಟಿತು. ಮೇಲೆ ಹೇಳಿದ ಲೆಕ್ಕದಂತೆ ಖರ್ಚು ಸುಮಾರು 3.6 ಪಟ್ಟು ಆಗಬೇಕಿತ್ತು. ಉಳಿದದ್ದು ಸೋರಿಕೆ. ಟ್ರಾನ್ಸಿಸ್ಟರು ಮುಚ್ಚಿದ್ದಾಗಲೂ ಅದರಲ್ಲಿ ಒಂದಿಷ್ಟು ಕರೆಂಟು ಸೋರುತ್ತಿರುತ್ತದೆ. ವೋಲ್ಟ್ ಏರಿದರೆ ಸೋರಿಕೆ ಹೆಚ್ಚು, ಬಿಸಿ ಏರಿದರೆ ಇನ್ನೂ ಹೆಚ್ಚು. ಸೋರಿದ್ದೆಲ್ಲ ಮತ್ತೆ ಬಿಸಿ. 98ರಿಂದ 100ಕ್ಕೆ ಅಷ್ಟು ಬೇಗ ಹಾರಿದ್ದರ ಹಿಂದೆ ಇದೂ ಇದೆ.

ಆಯುಷ್ಯದ ಮಾತು ಬೇರೆಯೇ. ನೂರು ಆಂಪಿಯರ್ ಆ ಸಣ್ಣ ತಾಮ್ರದೆಳೆಗಳಲ್ಲಿ ನುಗ್ಗುವಾಗ ಎಲೆಕ್ಟ್ರಾನುಗಳು ತಾಮ್ರದ ಪರಮಾಣುಗಳನ್ನೇ ನಿಧಾನವಾಗಿ ತಳ್ಳುತ್ತ ಹೋಗುತ್ತವೆ. ಒಂದು ಕಡೆ ಎಳೆ ತೆಳ್ಳಗಾಗುತ್ತದೆ, ಇನ್ನೊಂದು ಕಡೆ ಗುಡ್ಡೆ ಬೀಳುತ್ತದೆ. ಜೇಮ್ಸ್ ಬ್ಲ್ಯಾಕ್ ಎಂಬವರು 1969ರಲ್ಲಿ ಇದಕ್ಕೆ ಸೂತ್ರವನ್ನೇ ಬರೆದರು: ಕರೆಂಟಿನ ದಟ್ಟಣೆ ಹೆಚ್ಚಿದಷ್ಟೂ ಆಯುಷ್ಯ ಕಡಿಮೆ, ಬಿಸಿ ಹೆಚ್ಚಿದಷ್ಟೂ ಇನ್ನೂ ರಭಸವಾಗಿ ಕಡಿಮೆ. ಇದಲ್ಲದೆ ಟ್ರಾನ್ಸಿಸ್ಟರಿನ ಬಾಗಿಲಲ್ಲಿರುವ ನಿರೋಧಕ ಪದರವೂ ಹೆಚ್ಚು ವೋಲ್ಟಿಗೆ ಸವೆಯುತ್ತದೆ. ಹೊಗೆ ಬರುವುದಿಲ್ಲ, ವಾಸನೆ ಬರುವುದಿಲ್ಲ. ಹೋದ ವರ್ಷ 1.28ಕ್ಕೆ ಗಟ್ಟಿಯಾಗಿ ಓಡುತ್ತಿದ್ದ ವೇಗಕ್ಕೆ ಈ ವರ್ಷ 1.31 ಬೇಕಾಗುತ್ತದೆ. ಸವೆತ ಕಾಣುವುದು ಹಾಗೆ.

ಒಮ್ಮೊಮ್ಮೆ ತಟ್ಟನೆಯೂ ಆಗಿದೆ. 2002-03ರ ಸುಮಾರಿಗೆ ನಾರ್ತ್‌ವುಡ್ ಎಂಬ ಪೆಂಟಿಯಂ 4 ಚಿಪ್ಪುಗಳಿಗೆ 1.7 ವೋಲ್ಟಿನ ಮೇಲೆ ಕೊಟ್ಟವರಲ್ಲಿ ಹಲವರು, ಯಂತ್ರ ತಣ್ಣಗೇ ಇದ್ದರೂ, ಕೆಲವೇ ವಾರ ತಿಂಗಳಲ್ಲಿ ಚಿಪ್ಪು ಕಳೆದುಕೊಂಡರು. ತಂಪು ಇದ್ದರೆ ವೋಲ್ಟ್ ಎಷ್ಟಾದರೂ ಆಗಬಹುದು ಎಂಬ ನಂಬಿಕೆ ಅಲ್ಲಿಗೇ ಮುಗಿಯಬೇಕಿತ್ತು, ಮುಗಿಯಲಿಲ್ಲ. 2023ರ ಏಪ್ರಿಲಿನಲ್ಲಿ ಎಎಂಡಿಯ ರೈಜನ್ 7000 ಎಕ್ಸ್3ಡಿ ಚಿಪ್ಪುಗಳು ಸಾಕೆಟ್ಟಿನಲ್ಲೇ ಸುಟ್ಟು ಉಬ್ಬಿದ ಚಿತ್ರಗಳು ಬಂದವು. ಆಮೇಲೆ ಎಎಂಡಿ, ಚಿಪ್ಪಿನೊಳಗಿನ ಮೆಮೊರಿ ನಿಯಂತ್ರಕದ ಕಡೆಗೆ ಹೋಗುವ ಎಸ್‌ಒಸಿ ವೋಲ್ಟೇಜಿಗೆ 1.3ರ ಬೇಲಿ ಹಾಕಿತು. ಮರುವರ್ಷ ಇಂಟೆಲಿನ ಸರದಿ. 13 ಮತ್ತು 14ನೇ ಪೀಳಿಗೆಯ ಚಿಪ್ಪುಗಳು ಓವರ್‌ಕ್ಲಾಕ್ ಮಾಡದಿದ್ದರೂ ಸವೆಯುತ್ತಿದ್ದವು. ಚಿಪ್ಪು ತಾನೇ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟ್ ಕೇಳುತ್ತಿತ್ತು. 2024ರ ಆಗಸ್ಟಿನ ಮೈಕ್ರೊಕೋಡ್ ಅದಕ್ಕೆ 1.55ರ ಮಿತಿ ಹಾಕಿತು, ವಾರಂಟಿ ಎರಡು ವರ್ಷ ಹೆಚ್ಚಿತು. ಆಗಲೇ ಸವೆದದ್ದು ಮಾತ್ರ ಸರಿಹೋಗಲಿಲ್ಲ. ಚಿಪ್ಪು ಮಾಡಿದವರಿಗೇ ಗಡಿ ಎಲ್ಲಿದೆಯೆಂದು ತಡವಾಗಿ ತಿಳಿಯುವುದಾದರೆ ಬಯೋಸ್ ಮುಂದೆ ಕೂತ ನಾವು ಒಂದು ಹೆಜ್ಜೆ ಹಿಂದೆಯೇ ನಿಲ್ಲುವುದು ವಾಸಿ.

ಅವ್ವ ಮಜ್ಜಿಗೆ ತಂದಿಟ್ಟರು. ಕುಡಿಯಿರಿ. ಅಷ್ಟರಲ್ಲಿ ಹುಡುಗ ಯಂತ್ರ ಆರಿಸಿ ಸ್ಕ್ರೂಡ್ರೈವರ್ ತೆಗೆದಿದ್ದಾನೆ.

ಕೂಲರ್ ಬಿಚ್ಚಿದಾಗ ಕಂಡದ್ದನ್ನು ಹತ್ತಿರದಿಂದ ನೋಡಿ. ಅಲ್ಯೂಮಿನಿಯಂ ರೆಕ್ಕೆಗಳ ಸಂದಿಯಲ್ಲಿ ಬೂದುಬಣ್ಣದ ಧೂಳು ಹೊದಿಕೆಯಂತೆ ಕೂತಿದೆ, ಅದರಲ್ಲಿ ಕಪ್ಪು ಕಣಗಳು. ಕಬ್ಬಿನ ಸೀಮೆಯಲ್ಲಿ ರವದಿ ಸುಟ್ಟ ಬೂದಿ ಕಿಟಕಿಯಿಂದ ಬಂದು ಕೂರದ ಮನೆಯಿಲ್ಲ. ಚಿಪ್ಪಿನ ಬೆನ್ನ ಮೇಲಿನ ಥರ್ಮಲ್ ಪೇಸ್ಟು ಒಣಗಿ ಸುಣ್ಣದ ಚಕ್ಕೆಯಾಗಿದೆ. ಉಗುರಿನಿಂದ ಕೆರೆದರೆ ಏಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವನು ಮೊದಲು ಮಾಡಬೇಕಾದ ಕೆಲಸ ಕೊನೆಗೆ ಬಂದಿದೆ. ಬಟ್ಟೆಗೆ ಸ್ಪಿರಿಟ್ ಹಚ್ಚಿ ಒರೆಸಿದ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟ, ಕೂಲರನ್ನು ಎದುರುಬದುರು ಸ್ಕ್ರೂ ತಿರುಗಿಸುತ್ತ ಸಮನಾಗಿ ಬಿಗಿದ. ರೆಕ್ಕೆಗಳಿಗೆ ಪೇಂಟಿಂಗ್ ಬ್ರಷ್ಷು.

ಈ ಚಿಪ್ಪಿನೊಳಗೂ, ಲೋಹದ ಮುಚ್ಚಳದ ಕೆಳಗೆ, ಇಂಥದೇ ಪೇಸ್ಟಿದೆ. ಬೆಸುಗೆ ಹಾಕುವ ಬದಲು ಇಂಟೆಲ್ ಪೇಸ್ಟ್ ಹಚ್ಚಿ ಮುಚ್ಚಿದ್ದಕ್ಕೆ ಆಗ ಬಹಳ ಬೈಗುಳ ತಿಂದಿತು. ಮರುವರ್ಷದ 9900ಕೆಯಲ್ಲಿ ಬೆಸುಗೆಗೆ ಮರಳಿತು. ಮುಚ್ಚಳ ಎಬ್ಬಿಸಿ ದ್ರವಲೋಹ ಹಚ್ಚಿದರೆ ಹತ್ತು ಹದಿನೈದು ಡಿಗ್ರಿ ಇಳಿಯುತ್ತದೆ. ಹುಡುಗನಿಗೆ ಅದರ ಮೇಲೂ ಕಣ್ಣಿದೆ. ಮದುವೆ ಸೀಜನ್ನಿನಲ್ಲಿ ಇರುವ ಒಂದೇ ಯಂತ್ರದ ಮೇಲೆ ಬ್ಲೇಡು ಆಡಿಸುವುದು ಬೇಡ ಎಂದು ನೀವಾದರೂ ಹೇಳಿ.

ಮತ್ತೆ ಚಾಲೂ. 4.8, 1.25. ಕೋಣೆ ಈಗಲೂ 37. ಚಿಪ್ಪು 84ಕ್ಕೆ ನಿಂತಿತು. ಆರು ಡಿಗ್ರಿ, ಒಂದು ಬ್ರಷ್ಷಿಗೆ ಮತ್ತು ಒಂದು ಕಾಳು ಪೇಸ್ಟಿಗೆ.

ಒಂದು ಸೂಕ್ಷ್ಮ ಇಲ್ಲಿ ನೋಡಬೇಕು. ಬಯೋಸ್‌ನಲ್ಲಿ ಬರೆದದ್ದು 1.285, ಭಾರ ಬಿದ್ದಾಗ ಪರದೆಯಲ್ಲಿ ಕಾಣುವುದು 1.25. ಭಾರ ಬಿದ್ದಾಗ ವೋಲ್ಟ್ ಕುಸಿಯುವುದು ಸಹಜ, ಬೇಕೆಂದೇ ಹಾಗೆ ಮಾಡಿದ್ದು. ಈ ಕುಸಿತ ಕಂಡು ಸಿಟ್ಟಾದವರು ಲೋಡ್‌ಲೈನ್ ಎಂಬ ಸೆಟ್ಟಿಂಗನ್ನು ತುತ್ತತುದಿಗೆ ಏರಿಸುತ್ತಾರೆ, ಆಗ ಕುಸಿತ ಇರುವುದಿಲ್ಲ. ಆದರೆ ಭಾರ ತಟ್ಟನೆ ಇಳಿದ ಗಳಿಗೆಯಲ್ಲಿ ವೋಲ್ಟ್ ಮೇಲಕ್ಕೆ ಪುಟಿಯುತ್ತದೆ, ಎಚ್‌ಡಬ್ಲ್ಯು ಇನ್ಫೊ ನೋಡುವುದಕ್ಕೆ ಮೊದಲೇ ಪುಟಿದು ಇಳಿದಿರುತ್ತದೆ. ನಡುಮಟ್ಟದಲ್ಲಿ ಬಿಡುವುದು ಕ್ಷೇಮ. ರ‍್ಯಾಮಿಗೆ ಅದರ ವೇಗ ಏರಿಸುವ ಎಕ್ಸ್‌ಎಂಪಿ ಹಾಕಿದಾಗಲೂ ಒಮ್ಮೆ ಇಣುಕಬೇಕು: ಡಿಡಿಆರ್4 ರ‍್ಯಾಮಿಗೆ 1.35 ವೋಲ್ಟ್ ಆಯಿತು, ಅದು ಸರಿ. ಅದರ ಜೊತೆ ಬೋರ್ಡು ಸದ್ದಿಲ್ಲದೆ, ಚಿಪ್ಪಿನಲ್ಲಿ ಮೆಮೊರಿ ನೋಡಿಕೊಳ್ಳುವ ಭಾಗದ ಸಿಸ್ಟಂ ಏಜೆಂಟ್ ವೋಲ್ಟನ್ನು 1.05ರಿಂದ 1.3ರ ಆಚೆ ಒಯ್ದಿರುತ್ತದೆ. ಇವನದರಲ್ಲೂ ಹಾಗೇ ಇತ್ತು. 1.15ಕ್ಕೆ ಇಳಿಸಿದ, ಯಾವ ತೊಂದರೆಯೂ ಆಗಲಿಲ್ಲ.

ಕೊನೆಗೆ ಪ್ರೈಮ್95. ಇದು ಎವಿಎಕ್ಸ್ ಆದೇಶಗಳಿಂದ ಚಿಪ್ಪನ್ನು ಹಿಂಡುವ ಲೆಕ್ಕ; ಸಿನಿಬೆಂಚಿನಲ್ಲಿ 84 ಇದ್ದದ್ದು ಕ್ಷಣದಲ್ಲಿ 97 ಆಯಿತು. ಹುಡುಗ ಎವಿಎಕ್ಸ್ ಆಫ್‌ಸೆಟ್ ಮೂರು ಎಂದು ಇಟ್ಟ. ಅಂಥ ಕೆಲಸ ಬಂದಾಗ ಮಾತ್ರ ವೇಗ ತಾನಾಗಿ 4.5ಕ್ಕೆ ಇಳಿಯುತ್ತದೆ. 89. ಇದನ್ನು ಒಪ್ಪಬಹುದು, ಏಕೆಂದರೆ ಅವನ ನಿತ್ಯದ ರೆಂಡರ್ ಇಷ್ಟು ಹಿಂಡುವುದಿಲ್ಲ. ವಿಆರ್‌ಎಂ ಮೇಲೆ ಒಂದು ಪುಟ್ಟ ಫ್ಯಾನನ್ನು ಕೇಬಲ್ ಟೈನಿಂದ ಕಟ್ಟಿದ. ಗೋಪುರ ಕೂಲರ್ ಇರುವ ಯಂತ್ರದಲ್ಲಿ ಆ ಮೂಲೆಗೆ ಗಾಳಿಯೇ ಮುಟ್ಟುವುದಿಲ್ಲ, ಬೇಸಿಗೆಯಲ್ಲಿ ಅಲ್ಲೇ ಮೊದಲು ಸೋಲುವುದು.

"ಐದು ಬಿಟ್ಟೇನು?" ಕಾಕಾ ಕೇಳಿದರು.

"ಬಿಟ್ಟೆ ಬಿಡ್ರಿ ಕಾಕಾ. ನಾಕು ಪಾಯಿಂಟ್ ಎಂಟಕ್ಕ ಎಂಟು ತಾಸಿನ ಕೆಲಸ ಏಳು ತಾಸಿಗೆ ಬರತೈತಿ. ಸಾಕು."

ನನ್ನ ತೀರ್ಪೂ ಅದೇ. ಈ 14 ನ್ಯಾನೊಮೀಟರಿನ ಪೀಳಿಗೆಗೆ ಭಾರದಡಿ 1.35 ವೋಲ್ಟ್, ನಿತ್ಯದ ಕೆಲಸದಲ್ಲಿ 85 ಡಿಗ್ರಿ. ಎರಡರಲ್ಲಿ ಯಾವುದು ಮೊದಲು ಬಂದರೂ ಅಲ್ಲಿಗೆ ನಿಲ್ಲಬೇಕು. ಹಿಡಕಲ್ಲಿನಂಥ ಊರಲ್ಲಿ ಗಾಳಿಯ ಕೂಲರ್ ಇಟ್ಟುಕೊಂಡವರಿಗೆ ಡಿಗ್ರಿಯೇ ಮೊದಲು ಬರುತ್ತದೆ. ನಿಮ್ಮದು ಬೇರೆ ಪೀಳಿಗೆಯಾದರೆ ಈ ಅಂಕಿಗಳನ್ನು ಒಯ್ಯಬೇಡಿ. ರೈಜನ್ ಚಿಪ್ಪು ಹಗುರ ಕೆಲಸದಲ್ಲಿ ಒಂದು ಕೋರಿಗೆ ತಾನೇ 1.45 ಕೊಟ್ಟುಕೊಂಡರೆ ಅದು ಸಹಜ, ನೀವು ಎಲ್ಲ ಕೋರಿಗೂ 1.45 ಕಟ್ಟಿ ಕೂರಿಸಿದರೆ ಅನಾಹುತ. ರೈಜನ್ 7000ದ ಸಾಮಾನ್ಯ ಚಿಪ್ಪು 95 ಡಿಗ್ರಿಯಲ್ಲಿ ಓಡಲೆಂದೇ ಮಾಡಿದ್ದು, ಅದೇ ಸಾಲಿನ 7800ಎಕ್ಸ್3ಡಿಗೆ ಗಡಿ 89. 13, 14ನೇ ಪೀಳಿಗೆಯ ಇಂಟೆಲ್ ಇದ್ದರೆ ಓವರ್‌ಕ್ಲಾಕಿನ ಮಾತು ಆಮೇಲೆ, ಮೊದಲು ಯುಪಿಎಸ್ ಹಚ್ಚಿ ಬಯೋಸ್ ಅಪ್‌ಡೇಟ್ ಮಾಡಿ.

ಪರೀಕ್ಷೆಯನ್ನು ಏಪ್ರಿಲ್ ಮಧ್ಯಾಹ್ನವೇ ಮಾಡಿ. ನಿಂತ ಅಂಕಿಗಳನ್ನು, ಅಂದರೆ ವೇಗ, ವೋಲ್ಟ್, ಚಿಪ್ಪಿನ ಬಿಸಿ, ಕೋಣೆಯ ಬಿಸಿ, ತಾರೀಖು, ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಮುಚ್ಚಳದ ಒಳಬದಿಗೆ ಅಂಟಿಸಿ. ಬರುವ ವರ್ಷ ಅದೇ ವೇಗಕ್ಕೆ ಆ ವೋಲ್ಟ್ ಸಾಲದೆ ನೀಲಿ ಪರದೆ ಬಂದರೆ ವೋಲ್ಟ್ ಏರಿಸಲು ಹೋಗಬೇಡಿ. ವೇಗವನ್ನು ನೂರು ಮೆಗಾಹರ್ಟ್ಸ್ ಇಳಿಸಿ.